ಸೀಸನ್ ಅಲಂಕಾರದ ದುಬಾರಿ ಐಟಂಗಳು ಮನೆಯಲ್ಲೇ: ಲ್ಯಾಂಟರ್ನ್, ಬಾಗಿಲ ರೀತ್, ಹೂಸರ, ಲೈಟು

ರಟ್ಟುಪೆಟ್ಟಿಗೆ:
ಮನೆಯಲ್ಲಿ ಮಾಡಿದ್ದು ಶಾಲೆ ಪ್ರಾಜೆಕ್ಟ್ ಥರ ಕಾಣೋದಕ್ಕೆ ಅಗ್ಗದ ಸಾಮಾನು ಕಾರಣ ಅಲ್ಲ. ಗುಟ್ಟು ಬಯಲಾಗೋದು ಬೇರೆ ಕಡೆ. ರಟ್ಟು ಕತ್ತರಿಸಿದ ಅಂಚಿನಲ್ಲಿ ಒಳಗಿನ ಅಲೆಅಲೆ ಪದರ ಕಾಣುತ್ತೆ. ಕಾಗದದ ಹಿಂದೆ ಬಲ್ಬು ಚುಕ್ಕೆಯಾಗಿ ಹೊಳೆಯುತ್ತೆ. ಎಲೆ-ಹೂಗಳ ನಡುವೆ ಬುಡ ಇಣುಕುತ್ತೆ. ಗ್ಲೂ ಗನ್ನಿನ ನೂಲುನೂಲು ಅಂಟು ಹಾಗೇ ನೇತಾಡ್ತಿರುತ್ತೆ. ಇಷ್ಟು ಸರಿ ಮಾಡಿದರೆ ಹಳೇ ಪೇಪರ್ ಬಳಸಿದರೂ ಯಾರಿಗೂ ಗೊತ್ತಾಗಲ್ಲ.

ಹಾಗಾಗಿ ಖರ್ಚು ಮಾಡೋದಾದರೆ ಚೌಕಟ್ಟಿಗೆ ಮತ್ತು ಬೆಳಕಿಗೆ ಮಾಡಿ, ಉಳಿಸೋದಾದರೆ ಮೇಲ್ಮೈಯಲ್ಲಿ ಉಳಿಸಿ ಅನ್ನೋದು ನನ್ನ ಲೆಕ್ಕ. ಸಾಮಾನ್ಯವಾಗಿ ಜನ ಇದರ ಉಲ್ಟಾ ಮಾಡ್ತಾರೆ: ಮಿನುಗೋ ಪೇಪರ್, ಗ್ಲಿಟರ್, ಲೇಸ್ ಎಲ್ಲ ತಂದು ಕೊನೆಗೆ ಅದನ್ನ ಸೊಟ್ಟ ಚೌಕಟ್ಟಿಗೆ ಅಂಟಿಸ್ತಾರೆ.

ಇಲ್ಲಿ ಅಳತೆ ಸಮೇತ ಬರೆಯೋಣ. "ಸ್ವಲ್ಪ ಗೋಂದು ಹಾಕಿ, ಚೆನ್ನಾಗಿ ಅಲಂಕರಿಸಿ" ಅನ್ನೋ ಥರದ ವಿವರಣೆ ಬೇಡ.

ಬಿದಿರುಕಡ್ಡಿ:
ನೇತುಹಾಕುವ ಲ್ಯಾಂಟರ್ನ್‌ನಿಂದ ಶುರು ಮಾಡ್ತೀನಿ. ಅಂಗಡಿಯಲ್ಲಿ ಕೈಕೆಲಸ ಅಂತ ಹೆಚ್ಚು ಬೆಲೆ ಹಾಕೋದು ಇದಕ್ಕೇ, ಮನೆಯಲ್ಲಿ ಚೆನ್ನಾಗಿ ಬರೋದೂ ಇದೇ.

14 ಮುಖದ ಆಕಾರ ತಗೊಳ್ಳಿ: 6 ಚೌಕ, 8 ತ್ರಿಕೋನ. ನೋಡೋಕೆ ಕಷ್ಟ ಅನ್ಸುತ್ತೆ, ಆದರೆ ನೀವು ಮಾಡಬೇಕಾದ್ದು 6 ಚೌಕ ಮಾತ್ರ. ಅವುಗಳ ಮೂಲೆಗಳನ್ನ ಒಂದಕ್ಕೊಂದು ಕಟ್ಟಿದರೆ ತ್ರಿಕೋನಗಳು ಮಧ್ಯದಲ್ಲಿ ತಾವಾಗೇ ಹುಟ್ಟಿಕೊಳ್ತವೆ.

ಬೇಕಾದ್ದು: 21 ಸೆಂ.ಮೀ. ಉದ್ದದ 24 ಬಿದಿರು ಸೀಳು, ಅಗಲ 4–5 ಮಿ.ಮೀ., ದಪ್ಪ 3 ಮಿ.ಮೀ. ಎರಡೂ ತುದಿಯಿಂದ ಅರ್ಧ ಸೆಂ.ಮೀ. ಬಿಟ್ಟು ಗುರುತು ಹಾಕಿ. ಗುರುತಿನ ಮೇಲೆ ಕಡ್ಡಿ ಒಂದರ ಮೇಲೊಂದು ಬರಬೇಕು, ಆಗ ಚೌಕದ ಬದಿ ಸರಿಯಾಗಿ 20 ಸೆಂ.ಮೀ. ಆಗುತ್ತೆ. ಹತ್ತಿ ದಾರದಲ್ಲಿ ಅಡ್ಡಡ್ಡ 5–6 ಸುತ್ತು ಬಿಗಿದು ಗಂಟು ಹಾಕಿ, ಗಂಟಿಗೆ ಒಂದು ಹನಿ ಬಿಳಿ ಅಂಟು. ನೈಲಾನ್ ದಾರ ಬೇಡ, ಗಂಟು ಜಾರುತ್ತೆ, ಅಂಟೂ ಹಿಡಿಯಲ್ಲ.

ಪ್ರತಿ ಚೌಕಕ್ಕೂ ಎರಡು ಕರ್ಣ ಅಳೆಯಿರಿ, ಎರಡೂ 28.3 ಸೆಂ.ಮೀ. ಇರಬೇಕು. ಒಂದು 27, ಇನ್ನೊಂದು 29.5 ಬಂದರೆ ಚೌಕ ಓರೆಯಾಗಿದೆ ಅಂತ. ಅಂಟು ಒಣಗೋಕೆ ಮುಂಚೆ ಕೈಯಲ್ಲಿ ಒತ್ತಿ ಸರಿಮಾಡಿ.

ಜೋಡಿಸೋದು ಹೀಗೆ. ನಾಲ್ಕು ಚೌಕಗಳನ್ನ ಮೂಲೆ ಮೇಲೆ ನಿಲ್ಲಿಸಿ (ವಜ್ರದಾಕಾರದಲ್ಲಿ), ಪಕ್ಕದ ಮೂಲೆಗಳನ್ನ ಒಂದಕ್ಕೊಂದು ಕಟ್ಟಿ ಬಳೆ ಮಾಡಿ. ಐದನೇ ಚೌಕವನ್ನ ಮೇಲಿನ ನಾಲ್ಕು ತುದಿಗೆ ಕಟ್ಟಿ, ಆರನೇದನ್ನ ಕೆಳಗಿನ ನಾಲ್ಕು ತುದಿಗೆ. ಒಟ್ಟು 12 ಕಟ್ಟು. ಮುಗಿದ ಮೇಲೆ ಎತ್ತರ ಸುಮಾರು 28 ಸೆಂ.ಮೀ., ನಡುವಿನಲ್ಲಿ ಮೂಲೆಯಿಂದ ಎದುರು ಮೂಲೆಗೆ 40 ಸೆಂ.ಮೀ. ಬೇರೆ ಅಳತೆ ಬೇಕಿದ್ದರೆ ಲೆಕ್ಕ ಸುಲಭ: ಬದಿಯ ಎರಡರಷ್ಟು ಅಗಲ, ಬದಿಯ 1.41ರಷ್ಟು ಎತ್ತರ.

ಕುತೂಹಲಿ:
ಇದೇ ಆಕಾರ, ಐಸ್‌ಕ್ರೀಮ್ ಕಡ್ಡಿಯಲ್ಲಿ. ಕಟ್ಟಿದ ಮೇಲೆ ಎತ್ತಿದರೆ ತಿರುಚಿಕೊಂಡು ಕುಸಿಯುತ್ತೆ. ಕಟ್ಟು ಇನ್ನೂ ಬಿಗಿ ಮಾಡಬೇಕಾ?

ಬಿದಿರುಕಡ್ಡಿ:
ಎಷ್ಟು ಬಿಗಿದರೂ ಅಷ್ಟೇ. ಕಟ್ಟಿನ ತಪ್ಪಲ್ಲ, ಆಕಾರದ ಗುಣ. ತ್ರಿಕೋನ ತಾನಾಗಿ ಗಟ್ಟಿ, ಚೌಕ ಅಲ್ಲ. ಮೂಲೆಗಳು ತಿರುಗುವ ಹಾಗಿದ್ದರೆ ಆರೂ ಚೌಕ ಒಟ್ಟಿಗೆ ಓರೆಯಾಗಿ ಇಡೀ ಚೌಕಟ್ಟು ತಿರುಗುತ್ತಾ ಒಳಕ್ಕೆ ಮಡಚಿಕೊಳ್ಳುತ್ತೆ. ಪರಿಹಾರ ಚೌಕದಲ್ಲೇ ಇದೆ. ಒಂದೋ ಪ್ರತಿ ಚೌಕಕ್ಕೆ ಎರಡು ಕರ್ಣದಲ್ಲೂ ತೆಳು ದಾರ ಬಿಗಿದು ಕಟ್ಟಿ, ಇಲ್ಲಾಂದ್ರೆ ಪ್ರತಿ ಮೂಲೆಗೆ 3 ಸೆಂ.ಮೀ. ಬದಿಯ ಸಣ್ಣ ರಟ್ಟಿನ ತ್ರಿಕೋನ ಅಂಟಿಸಿ. ರಟ್ಟು ಹಾಕಿದರೆ ದೀಪ ಹಚ್ಚಿದಾಗ ಮೂಲೆಯಲ್ಲಿ ನೆರಳು ಬೀಳುತ್ತೆ. 24 ಮೂಲೆಗೂ ಒಂದೇ ಅಳತೆ ಇದ್ದರೆ ಅದೇ ಒಂದು ವಿನ್ಯಾಸ. ಒಂದೆರಡು ಕಡೆ ಮಾತ್ರ ಹಾಕಿದರೆ ತೇಪೆ ಹಚ್ಚಿದ ಹಾಗೆ ಕಾಣುತ್ತೆ.

ಮೇಲಿನ ಚೌಕಕ್ಕೆ ಕಾಗದ ಇರಲ್ಲ, ಹಾಗಾಗಿ ಅದಕ್ಕೆ ಬಲ ಕೊಡೋದನ್ನ ಖಂಡಿತ ಮರೀಬೇಡಿ. ಮೊದಲು ಸೊಟ್ಟಗಾಗೋದೇ ಅದು.

ಅಂಟುಪುರಾಣ:
ಕಾಗದದ ವಿಷಯ ನಾನು ಹೇಳ್ತೀನಿ.

ಗಾಜಿನ ಕಾಗದ (ಆ ಹೊಳೆಯೋ ಬಣ್ಣದ್ದು) ಹಗಲಲ್ಲಿ ಚೆಂದ, ರಾತ್ರಿ ಒಳಗಿನ ಹೋಲ್ಡರ್, ವೈರು, ಬಲ್ಬು ಎಲ್ಲ ನೆಟ್ಟಗೆ ಕಾಣುತ್ತೆ. ಅದು ಬೆಳಕಿಗೆ ಬಣ್ಣ ಕೊಡುತ್ತೆ, ಬೆಳಕನ್ನ ಹರಡಲ್ಲ. ಹರಡೋದು ಗಾಳಿಪಟದ ಕಾಗದ, ಟಿಶ್ಯೂ, ಬಟರ್ ಪೇಪರ್. ಗಾಜಿನ ಕಾಗದವೇ ಬೇಕು ಅಂದ್ರೆ ಒಳಗಡೆ ಬಿಳಿ ಟಿಶ್ಯೂ ಒಂದು ಪದರ ಕೊಡಿ.

ಅಂಟು: ಮೈದಾ ಒಂದು ಭಾಗ, ನೀರು ಐದು ಭಾಗ. ಮೊದಲು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಸಣ್ಣ ಉರಿ. ಬಿಳಿ ಬಣ್ಣ ಹೋಗಿ ಅರೆಪಾರದರ್ಶಕ ಆದಾಗ ಇಳಿಸಿ. ಕಾಯಿಸದ ಮೈದಾ ನೀರು ಅಂಟಿದ ಹಾಗೆ ಮಾಡಿ ಒಣಗಿದ ಮೇಲೆ ಪುಡಿಪುಡಿಯಾಗಿ ಉದುರುತ್ತೆ. ಫ್ರಿಜ್‌ನಲ್ಲಿ ಎರಡು ಮೂರು ದಿನ ಇಡಬಹುದು, ಹುಳಿ ವಾಸನೆ ಬಂದರೆ ಎಸೆಯಿರಿ. ಬಿಳಿ ಅಂಟು ಬಳಸೋದಾದರೆ ಅರ್ಧಕ್ಕರ್ಧ ನೀರು. ನೀರಿಲ್ಲದೆ ಹಚ್ಚಿದರೆ ಕಾಗದದ ಮೇಲೆ ಹೊಳಪಿನ ಕಲೆ ಉಳಿಯುತ್ತೆ.

ಕಾಗದ ಕತ್ತರಿಸುವಾಗ ಚೌಕಕ್ಕೂ ತ್ರಿಕೋನಕ್ಕೂ ಸುತ್ತ 7–8 ಮಿ.ಮೀ. ಹೆಚ್ಚು ಬಿಡಿ, ಆ ಅಂಚು ಕಡ್ಡಿ ಮೇಲೆ ಮಡಚಿ ಅಂಟಬೇಕು. ಅಂಟನ್ನ ಕಡ್ಡಿಗೆ ಹಚ್ಚಿ, ಕಾಗದಕ್ಕಲ್ಲ. ತೆಳು ಕಾಗದ ನೆನೆದರೆ ಬೆರಳಿಗೇ ಬರುತ್ತೆ. ಒಂದು ಮುಖ ಅಂಟಿಸಿದ ಮೇಲೆ ಅದರ ಎದುರು ಮುಖಕ್ಕೆ ಹೋಗಿ. ಒಂದೇ ಪಕ್ಕದಿಂದ ಸಾಲಾಗಿ ಅಂಟಿಸ್ತಾ ಹೋದರೆ ಕಾಗದ ಒಣಗುವಾಗ ಎಳೆದು ಚೌಕಟ್ಟು ಆ ಕಡೆ ವಾಲುತ್ತೆ.

ಎಲ್ಲ ಪೂರ್ತಿ ಒಣಗಿದ ಮೇಲೆ ಸ್ಪ್ರೇ ಬಾಟಲಿಯಲ್ಲಿ ದೂರದಿಂದ ಮಂಜಿನ ಹಾಗೆ ನೀರು ಹೊಡೆಯಿರಿ. ಕಾಗದ ಮೊದಲು ಸಡಿಲವಾಗಿ ಜೋಲುತ್ತೆ, ಹೆದರಬೇಡಿ, ಒಣಗ್ತಾ ತಮಟೆ ಚರ್ಮದ ಹಾಗೆ ಬಿಗಿಯುತ್ತೆ. ಸುಕ್ಕು ಹೋಗೋದು ಈ ಒಂದು ಹಂತದಲ್ಲೇ, ಜನ ಇದನ್ನೇ ಬಿಟ್ಟುಬಿಡ್ತಾರೆ. ಎಚ್ಚರಿಕೆ ಒಂದೇ: ಬಣ್ಣದ ಟಿಶ್ಯೂ ಆದರೆ ಮೊದಲು ಒಂದು ತುಂಡನ್ನ ಒದ್ದೆ ಮಾಡಿ ಬಿಳಿ ಹಾಳೆ ಮೇಲೆ ಒತ್ತಿ ನೋಡಿ. ಬಣ್ಣ ಬಿಡೋ ಜಾತಿಯಾದರೆ ನೀರು ಹೊಡೆಯೋ ಹಾಗಿಲ್ಲ.

ವೈರ್‌ಕಟ್ಟರ್:
ಒಳಗೆ ಮೇಣದಬತ್ತಿ, ಎಣ್ಣೆ ದೀಪ ಬೇಡವೇ ಬೇಡ. ಕಾಗದ, ಒಣ ಬಿದಿರು, ದಾರ, ಎಲ್ಲ ಬೆಂಕಿಗೆ ಹೇಳಿಮಾಡಿಸಿದ್ದು. 3ರಿಂದ 5 ವ್ಯಾಟ್ ಎಲ್‌ಇಡಿ ಬಲ್ಬು ಈ ಅಳತೆಗೆ ಧಾರಾಳ. ಮೇಲಿನ ಚೌಕ ತೆರೆದೇ ಇರಲಿ. ಎಲ್‌ಇಡಿ ಮುಂದೆ ತಣ್ಣಗಿದ್ದರೂ ಬುಡದಲ್ಲಿರೋ ಡ್ರೈವರ್ (ಕರೆಂಟ್ ಹದಗೊಳಿಸೋ ಸರ್ಕ್ಯೂಟ್) ಬಿಸಿಯಾಗುತ್ತೆ, ಗಾಳಿಯಿಲ್ಲದ ಗೂಡಲ್ಲಿ ಬಲ್ಬಿನ ಆಯುಸ್ಸು ಕಡಿಮೆ.

ಬಲ್ಬು ಚುಕ್ಕೆಯಾಗಿ ಕಾಣದಿರೋದಕ್ಕೆ ಉಪಾಯ: ಬಟರ್ ಪೇಪರ್‌ನಿಂದ 10–12 ಸೆಂ.ಮೀ. ವ್ಯಾಸದ, ಎರಡೂ ಕಡೆ ತೆರೆದ ಕೊಳವೆ ಮಾಡಿ ಬಲ್ಬಿನ ಸುತ್ತ ಇಳಿಬಿಡಿ. ಬೆಳಕು ಮೊದಲು ಕೊಳವೆಯಲ್ಲಿ ಹರಡಿ, ಆಮೇಲೆ ಹೊರಗಿನ ಕಾಗದದಲ್ಲಿ ಇನ್ನೊಮ್ಮೆ ಹರಡುತ್ತೆ. ದುಬಾರಿ ಲ್ಯಾಂಟರ್ನ್ "ತುಂಬಿಕೊಂಡು" ಬೆಳಗೋದರ ಹಿಂದೆ ಇರೋದು ಇಷ್ಟೇ.

ಬಣ್ಣದ ಹೊಂದಿಕೆಯನ್ನೂ ನೋಡಿ. ಕೆಂಪು, ಕಿತ್ತಳೆ, ಹಳದಿ ಕಾಗದಕ್ಕೆ 2700–3000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕು. ನೀಲಿ ಕಾಗದದ ಒಳಗೆ ಅದನ್ನೇ ಹಾಕಿದರೆ ಮಂಕು ಬೂದು ಬಣ್ಣ ಬರುತ್ತೆ, ಯಾಕಂದ್ರೆ ಹಳದಿ ಬೆಳಕಲ್ಲಿ ನೀಲಿ ಅಂಶ ಕಡಿಮೆ, ಕಾಗದ ಹೊರಗೆ ಬಿಡೋದಕ್ಕೆ ಏನೂ ಉಳಿದಿರಲ್ಲ. ನೀಲಿ, ನೇರಳೆಗೆ 6500ರ ಬಿಳಿ ಬಲ್ಬು.

ಮತ್ತೆ, ವೈರಿನ ಮೇಲೆ ಲ್ಯಾಂಟರ್ನ್ ತೂಗಬಾರದು. ತೂಕಕ್ಕೆ ಬೇರೆ ದಾರ ಅಥವಾ ತಂತಿ, ವೈರು ಸಡಿಲವಾಗಿ ಪಕ್ಕದಲ್ಲಿ. ಗಾಳಿಗೆ ತಿರುಗುತ್ತಾ ಇರೋ ವಸ್ತು ವೈರನ್ನ ಹೋಲ್ಡರ್ ಬುಡದಲ್ಲೇ ಕಡಿಯುತ್ತೆ.

ಕುತೂಹಲಿ:
ಮಳೆ ಬೀಳೋ ಕಡೆ ಹೊರಗೆ ಹಾಕಬೇಕಂದ್ರೆ?

ರಟ್ಟುಪೆಟ್ಟಿಗೆ:
ಕಾಗದ ಬಿಡಿ. ಆಫೀಸ್ ಫೈಲುಗಳ ಅರೆಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಅಂದರೆ ಪಾಲಿಪ್ರೊಪಿಲೀನ್, ಇದಕ್ಕೆ ಹೇಳಿಮಾಡಿಸಿದ್ದು. ಬೆಳಕನ್ನ ಚೆನ್ನಾಗಿ ಹರಡುತ್ತೆ, ಮಡಚಿದರೆ ಸೀಳಲ್ಲ. ಬರೆಯದ ಬಾಲ್‌ಪೆನ್ನಿಂದ ಸ್ಕೇಲ್ ಇಟ್ಟು ಗೆರೆ ಒತ್ತಿ ಮಡಚಿ. ಒಂದೇ ತೊಂದರೆ, ಇದಕ್ಕೆ ಅಂಟು ಹಿಡಿಯಲ್ಲ: ಬಿಳಿ ಅಂಟು, ಸೂಪರ್ ಗ್ಲೂ, ಗ್ಲೂ ಗನ್ ಎಲ್ಲ ಒಣಗಿದ ಮೇಲೆ ಸಿಪ್ಪೆಯ ಹಾಗೆ ಎದ್ದುಬರುತ್ತೆ. ಸ್ಟೇಪ್ಲರ್, ರಿವೆಟ್, ಇಲ್ಲಾ ರಂಧ್ರ ಮಾಡಿ ದಾರದಲ್ಲಿ ಹೊಲಿಗೆ. ಹೊರಗೆ ಹಾಕೋ ಬಲ್ಬು, ಹೋಲ್ಡರ್ ಕೂಡ ಹೊರಾಂಗಣಕ್ಕೆ ಅಂತಲೇ ಮಾಡಿದ್ದಿರಬೇಕು, ಇದರಲ್ಲಿ ಜುಗ್ಗತನ ಬೇಡ.

ಮೇಲಿನ 14 ಮುಖದ್ದು ತಲೆನೋವು ಅನ್ನಿಸುವವರಿಗೆ ಅರ್ಧ ಗಂಟೆಯ ಕೆಲಸ ಒಂದಿದೆ: ಕಾಗದದ ಚೀಲದ ನಕ್ಷತ್ರ. ಅಡಿಭಾಗ ಮಡಚಿರೋ, ಹಿಡಿ ಇಲ್ಲದ ತೆಳು ಕಾಗದದ ಚೀಲ 7ರಿಂದ 9. ಚೀಲ ತೆರೆಯದೆ ಚಪ್ಪಟೆಯಾಗಿಯೇ ಇಡಿ. ಮುಚ್ಚಿದ ತುದಿಯ ಉದ್ದಕ್ಕೂ ಒಂದು ಗೆರೆ ಅಂಟು, ಅದರ ನಡುವಿನಿಂದ ತೆರೆದ ಬಾಯಿಯವರೆಗೆ ಇನ್ನೊಂದು ಗೆರೆ. ಅದರ ಮೇಲೆ ಮುಂದಿನ ಚೀಲ, ಅದೇ ದಿಕ್ಕಿನಲ್ಲಿ. ಎಲ್ಲ ಒಣಗಿದ ಮೇಲೆ ತೆರೆದ ತುದಿಯನ್ನ ಬಾಣದ ಮೊನೆ ಥರ ಕತ್ತರಿಸಿ, ಪಕ್ಕದಲ್ಲಿ ಬೇಕಾದ ಕಿಂಡಿ ಕೊರೆಯಿರಿ. ಮೊದಲ ಮತ್ತು ಕೊನೇ ಚೀಲ ಹಿಡಿದು ವೃತ್ತವಾಗಿ ಬಿಡಿಸಿ ಒಂದಕ್ಕೊಂದು ಸೇರಿಸಿದರೆ ಆಯ್ತು. ಚೀಲದ ಎತ್ತರ 25 ಸೆಂ.ಮೀ. ಇದ್ದರೆ ನಕ್ಷತ್ರ 50 ಸೆಂ.ಮೀ.

ಎಡವೋದು ಎರಡು ಕಡೆ. ಅಂಟಿನ ಗೆರೆ ತೆರೆದ ತುದಿವರೆಗೆ ಹೋಗದಿದ್ದರೆ ಮೊನೆಗಳು ಬಾಯಿ ಬಿಡ್ತವೆ. ಚೀಲ ಸಾಲದಿದ್ದರೆ ವೃತ್ತ ಮುಚ್ಚೋಕೆ ಎಳೆಯಬೇಕಾಗಿ ನಡುವಿನಲ್ಲಿ ಹರಿಯುತ್ತೆ. ಕೊನೇದನ್ನ ಅಂಟಿಸೋ ಮುಂಚೆ ಒಮ್ಮೆ ಬಿಡಿಸಿ ನೋಡಿ, ಬೇಕಿದ್ದರೆ ಇನ್ನೊಂದು ಸೇರಿಸಿ. ಕಿಂಡಿಯನ್ನ ಮಡಿಕೆಯ ಪೂರ್ತಿ ಉದ್ದಕ್ಕೆ ಕೊರೆಯಬೇಡಿ, ಎರಡು ಕಿಂಡಿ ನಡುವೆ ಕನಿಷ್ಠ 2 ಸೆಂ.ಮೀ. ಕಾಗದ ಉಳಿಯಲಿ.

ಕಾಗದಹೂ:
ಬಾಗಿಲಿಗೆ ಹಾಕೋ ರೀತ್ ಬಗ್ಗೆ. ಎಲೆ-ಹೂಗಳ ಈ ಬಳೆಗೆ ಅಂಗಡಿಯಲ್ಲಿ ಕೊಡೋ ದುಡ್ಡು ಮುಖ್ಯವಾಗಿ ದಟ್ಟಣೆಗೆ. ಮನೆಯದ್ದು ಬಡಕಲಾಗಿ ಕಾಣೋದು ಎಲೆ ಕಡಿಮೆಯಾಗಿದ್ದಕ್ಕೆ, ಜೊತೆಗೆ ಎಲೆ ಒಂದೊಂದೇ ಅಂಟಿಸಿದ್ದಕ್ಕೆ.

ಬುಡ: ಹಳೇ ಪತ್ರಿಕೆ 6–8 ಹಾಳೆ ಸೇರಿಸಿ 4 ಸೆಂ.ಮೀ. ದಪ್ಪದ ಸುರುಳಿ ಹಗ್ಗ ಮಾಡಿ, ಉದ್ದಕ್ಕೆ ಹಾಳೆ ಸೇರಿಸ್ತಾ 95 ಸೆಂ.ಮೀ.ವರೆಗೆ ಬೆಳೆಸಿ, ಬಳೆ ಮಾಡಿ ಟೇಪ್ ಸುತ್ತಿ. ಸುಮಾರು 30 ಸೆಂ.ಮೀ. ವ್ಯಾಸ ಬರುತ್ತೆ. ಒಳಗೆ ಒಂದು ಗಟ್ಟಿ ತಂತಿ ಇದ್ದರೆ ನೇತುಹಾಕಿದಾಗ ಮೊಟ್ಟೆ ಆಕಾರಕ್ಕೆ ಜೋಲಲ್ಲ. ಹಳೇ ತಂತಿ ಹ್ಯಾಂಗರ್ ಸಾಕು. ಮೇಲೆ ಎಲೆಯ ಬಣ್ಣಕ್ಕೇ ಹೊಂದೋ ಹಸಿರು ಅಥವಾ ಕಂದು ಬಟ್ಟೆಪಟ್ಟಿ ಸುತ್ತಿ. ಎಲ್ಲಾದರೂ ಸಂದಿ ಉಳಿದರೂ ಕಣ್ಣಿಗೆ ಬೀಳಲ್ಲ.

ಗೊಂಚಲು: 4–5 ಎಲೆ, ಒಂದು ಹೂ ಅಥವಾ ಕಾಯಿ ಸೇರಿಸಿ 10–12 ಸೆಂ.ಮೀ. ಉದ್ದದ ಗೊಂಚಲು ಕಟ್ಟಿ, ತೊಟ್ಟು 3 ಸೆಂ.ಮೀ. ಇರಲಿ. ಮೊದಲ ಗೊಂಚಲನ್ನ ಬಳೆಗೆ ತೆಳು ತಂತಿಯಿಂದ (ಅರ್ಧ ಮಿ.ಮೀ. ದಪ್ಪ ಸಾಕು) ಮೂರು ಸುತ್ತು ಬಿಗಿಯಿರಿ, ತಂತಿ ಕತ್ತರಿಸಬೇಡಿ. ಎರಡನೇ ಗೊಂಚಲನ್ನ 6 ಸೆಂ.ಮೀ. ಹಿಂದೆ, ಮೊದಲನೆಯದರ ತೊಟ್ಟು ಮುಚ್ಚೋ ಹಾಗೆ ಇಡಿ. ಹೀಗೇ ಒಂದೇ ದಿಕ್ಕಿನಲ್ಲಿ. 95 ಸೆಂ.ಮೀ.ಗೆ 16 ಗೊಂಚಲು. ಒಳಅಂಚಿಗೆ ಒಂದು, ಹೊರಅಂಚಿಗೆ ಒಂದು ಅಂತ ಸ್ವಲ್ಪ ಓರೆಯಾಗಿ ಬದಲಿಸ್ತಾ ಹೋದರೆ ಅಗಲ ತುಂಬುತ್ತೆ. ಕೊನೇ ಗೊಂಚಲಿನ ತೊಟ್ಟನ್ನ ಮೊದಲನೆಯದರ ಎಲೆ ಎತ್ತಿ ಅದರಡಿ ತೂರಿಸಿ.

ಪೂರ್ತಿ ಬಳೆ ತುಂಬೋವಷ್ಟು ಸಾಮಾನಿಲ್ಲವಾ? ಹಾಗಾದರೆ ಮೂರನೇ ಒಂದು ಭಾಗ ಮಾತ್ರ ದಟ್ಟವಾಗಿ ತುಂಬಿ, ಉಳಿದದ್ದನ್ನ ಸೆಣಬಿನ ಹುರಿ ಸುತ್ತಿ ಖಾಲಿ ಬಿಡಿ. ಅದು ಉದ್ದೇಶಪೂರ್ವಕ ವಿನ್ಯಾಸವಾಗಿ ಕಾಣುತ್ತೆ. ಇದ್ದ ಎಲೆಯನ್ನೇ ಇಡೀ ಬಳೆಗೆ ತೆಳುವಾಗಿ ಹಂಚಿದರೆ ಸಾಮಾನು ಮುಗಿದುಹೋಯ್ತು ಅನ್ನೋದು ಎದ್ದು ಕಾಣುತ್ತೆ.

ರಟ್ಟುಪೆಟ್ಟಿಗೆ:
ತಂತಿ ಸುತ್ತೋದಕ್ಕಿಂತ ಗ್ಲೂ ಗನ್ ಬೇಗ ಆಗುತ್ತಲ್ಲ ಮೇಡಂ?

ಕಾಗದಹೂ:
ಬೇಗ ಆಗುತ್ತೆ, ಬೇಗ ಉದುರುತ್ತೆ ಸರ್. ಬಿಸಿಲು ಬೀಳೋ ಬಾಗಿಲಲ್ಲಿ ಆ ಅಂಟು ಮೆತ್ತಗಾಗಿ ಎಲೆ ಜಾರುತ್ತೆ. ಗಾಢ ಬಣ್ಣದ ಬಾಗಿಲಾದರೆ ಇನ್ನೂ ಜಾಸ್ತಿ. ತಂತಿಯ ಇನ್ನೊಂದು ಲಾಭ, ಮುಂದಿನ ವರ್ಷ ಬಿಚ್ಚಿ ಬುಡ ಮತ್ತೆ ಬಳಸಬಹುದು. ಒಳಗಡೆ ಗೋಡೆಗೆ ಆದರೆ ಗ್ಲೂ ಗನ್ ನಡೆಯುತ್ತೆ. ಕೊನೆಯಲ್ಲಿ ಹೇರ್ ಡ್ರೈಯರ್ ಬಿಸಿಗಾಳಿಯನ್ನ ಒಂದು ಸುತ್ತು ಆಡಿಸಿ, ಜೇಡರಬಲೆ ನೂಲೆಲ್ಲ ಕರಗಿ ಹೋಗುತ್ತೆ.

ಎಲೆ ಯಾವುದು ಅಂತ ಕೇಳೋ ಮುಂಚೆಯೇ ಹೇಳ್ತೀನಿ. ನಿಜವಾದ ಎಲೆ ಒಣಗಿಸಿದರೆ ಮುಟ್ಟಿದ ತಕ್ಷಣ ಪುಡಿ. ಗ್ಲಿಸರಿನ್‌ನಲ್ಲಿ ನಿಲ್ಲಿಸಿ: ಒಂದು ಭಾಗ ಗ್ಲಿಸರಿನ್, ಎರಡು ಭಾಗ ಬಿಸಿನೀರು. ಕೊಂಬೆಯ ಬುಡವನ್ನ 4–5 ಸೆಂ.ಮೀ. ಸೀಳಿ ಅಥವಾ ಜಜ್ಜಿ, 8–10 ಸೆಂ.ಮೀ. ಮುಳುಗೋ ಹಾಗೆ ಎರಡು ಮೂರು ವಾರ ಬಿಡಿ. ಎಲೆ ಕಂದು ಅಥವಾ ಆಲಿವ್ ಬಣ್ಣಕ್ಕೆ ತಿರುಗುತ್ತೆ, ಆದರೆ ಚರ್ಮದ ಹಾಗೆ ಮೆತ್ತಗೇ ಉಳಿಯುತ್ತೆ. ದಪ್ಪ, ಬಲಿತ ಎಲೆಗೆ ಮಾತ್ರ ಇದು. ಎಳೇ ಚಿಗುರು ಬಾಡಿ ಜೋತುಬೀಳುತ್ತೆ. ಎಲೆಯ ಅಂಚಲ್ಲಿ ಹನಿ ಕಂಡರೆ ಗ್ಲಿಸರಿನ್ ಹೆಚ್ಚಾಗಿದೆ ಅಂತ, ತಕ್ಷಣ ತೆಗೆದು ಒರೆಸಿ.

ಅಂಟುಪುರಾಣ:
ಕಾಗದದ ಎಲೆಗೆ ಒಂದು ಸೇರ್ಪಡೆ: ಎಲ್ಲ ಎಲೆ ಒಂದೇ ಹಸಿರಾದರೆ ಪ್ಲಾಸ್ಟಿಕ್ಕಿಗಿಂತ ಕೃತಕ. ಹತ್ತಿರಹತ್ತಿರದ ಮೂರು ಹಸಿರು ಬೆರೆಸಿ. ಎಲೆ ನಡುವೆ ಮಡಚಿ ನರ ಮೂಡಿಸಿ, ಅಂಚಿಗೆ ಕಂದು ಬಣ್ಣದ ಒಣ ಸ್ಪಂಜು ಒಮ್ಮೆ ತಾಗಿಸಿ.

ಕುತೂಹಲಿ:
ಕಾಗದದ ಹೂಸರ? ಚೆಂಡುಹೂ ಆಕಾರದ್ದು, ಎರಡು ಮೀಟರ್ ಬೇಕು. ಟಿಶ್ಯೂ ಎಷ್ಟು ಹಾಳೆ ತರಬೇಕು?

ಕಾಗದಹೂ:
ಲೆಕ್ಕ ಹಾಕೋಣ. ಹೂ 5 ಸೆಂ.ಮೀ. ಅಗಲ. ಒತ್ತಾಗಿ ಪೋಣಿಸಿದರೆ ಮೀಟರಿಗೆ 20. ನಡುವೆ 2 ಸೆಂ.ಮೀ. ಸ್ಟ್ರಾ ತುಂಡು ಹಾಕಿದರೆ 14, ಅಂದರೆ ಎರಡು ಮೀಟರಿಗೆ 28–29. ಸ್ಟ್ರಾ ಬದಲು ಹಸಿರು ಕಾಗದ ಸುತ್ತಿದ ಕೊಳವೆ ಹಾಕಿದರೆ ತೊಟ್ಟಿನ ಹಾಗೆ ಕಾಣುತ್ತೆ.

ಒಂದು ಹೂವಿಗೆ 5 ಸೆಂ.ಮೀ. ಅಗಲ, ಒಂದು ಮೀಟರ್ ಉದ್ದದ ಪಟ್ಟಿ. 50×66 ಸೆಂ.ಮೀ. ಹಾಳೆಯಲ್ಲಿ 66ರ ಉದ್ದದ 10 ಪಟ್ಟಿ ಸಿಗುತ್ತೆ, ಒಟ್ಟು 6.6 ಮೀಟರ್, ಆರು ಹೂ ಧಾರಾಳ. 29 ಹೂವಿಗೆ ಐದು ಹಾಳೆ. ಆರು ತನ್ನಿ, ಕತ್ತರಿಸುವಾಗ ಒಂದಷ್ಟು ಹಾಳಾಗುತ್ತೆ.

ಪಟ್ಟಿಯನ್ನ ನಾಲ್ಕೈದು ಮಡಿಕೆ ಮಾಡಿ, ಒಂದು ಅಂಚಿನಿಂದ 3.5 ಸೆಂ.ಮೀ. ಆಳಕ್ಕೆ, 3–4 ಮಿ.ಮೀ.ಗೆ ಒಂದರಂತೆ ಕತ್ತರಿಸಿ. ಕೆಳಗಿನ 1.5 ಸೆಂ.ಮೀ. ಹಾಗೇ ಇರಲಿ. ಬಿಡಿಸಿ, ಕಡ್ಡಿಗೆ ಬಿಗಿಯಾಗಿ ಸುತ್ತಿ, ಕಡ್ಡಿ ಎಳೆದು ಬುಡಕ್ಕೆ ದಾರ ಕಟ್ಟಿ. ಮೊದಲ ಅರ್ಧ ಬಿಗಿಯಾಗಿ, ಉಳಿದರ್ಧ ಸ್ವಲ್ಪ ಸಡಿಲ. ಇಡೀ ಸುರುಳಿ ಒಂದೇ ಬಿಗಿಯಲ್ಲಿದ್ದರೆ ಬ್ರಷ್ಷಿನ ಹಾಗೆ ನಿಲ್ಲುತ್ತೆ, ಅರಳಲ್ಲ. ಹೊರಗಿನ ಎಸಳಿನಿಂದ ಒಳಕ್ಕೆ ಬೆರಳಲ್ಲಿ ಬಿಡಿಸ್ತಾ ಬನ್ನಿ. ಸೂಜಿ ಕಟ್ಟಿದ ಬುಡದಲ್ಲಿ ಹಾಯಬೇಕು. ಎಸಳಿನಲ್ಲಿ ಚುಚ್ಚಿದರೆ ಸರ ತೂಗಿದಾಗ ಸೀಳಿಕೊಂಡು ಬರುತ್ತೆ.

ಕ್ರೇಪ್ ಪೇಪರ್‌ನಲ್ಲಿ ದೊಡ್ಡ ಹೂ ಮಾಡೋರು ಸುಕ್ಕಿನ ದಿಕ್ಕು ನೋಡಿ. ಸುಕ್ಕಿನ ಗೆರೆ ಎಸಳಿನ ಬುಡದಿಂದ ತುದಿಗೆ ಹೋಗಬೇಕು. ಆಗ ನಡುವಿನಲ್ಲಿ ಹೆಬ್ಬೆರಳಿಟ್ಟು ಅಡ್ಡಕ್ಕೆ ಎಳೆದರೆ ಬಟ್ಟಲಾಗುತ್ತೆ. ಅಡ್ಡ ಕತ್ತರಿಸಿದ ಎಸಳು ಎಷ್ಟೇ ಎಳೆದರೂ ಉದ್ದವಾಗುತ್ತೆ, ಬಟ್ಟಲಾಗಲ್ಲ.

ರಟ್ಟುಪೆಟ್ಟಿಗೆ:
ಚಿನ್ನದ ಬಣ್ಣದ ಐಟಂಗಳು. ಅಂಗಡಿಯಲ್ಲಿ ಸಿಗೋ ಹಿತ್ತಾಳೆ ನೋಟದ ನಕ್ಷತ್ರ, ಎಲೆ, ಫ್ರೇಮ್ ಎಲ್ಲ ಮನೆಯಲ್ಲಿ ರಟ್ಟಿನಲ್ಲೇ ಮಾಡಬಹುದು. ಅಲೆಪದರದ ರಟ್ಟು ಎರಡನ್ನ ಅಲೆಗಳು ಒಂದಕ್ಕೊಂದು ಅಡ್ಡ ಬರೋ ಹಾಗೆ ಅಂಟಿಸಿದರೆ ಬಾಗಲ್ಲ. ಅಂಚಿಗೆಲ್ಲ ಪತ್ರಿಕೆಯ 2 ಸೆಂ.ಮೀ. ಪಟ್ಟಿ ಮೈದಾ ಅಂಟಲ್ಲಿ ಮಡಚಿ ಹಚ್ಚಿ, ಎರಡು ಪದರ. ಒಣಗಿದ ಮೇಲೆ ಸೀಮೆಸುಣ್ಣದ ಪುಡಿ, ಬಿಳಿ ಅಂಟು, ನೀರು ಕಲಸಿ ಮಜ್ಜಿಗೆ ಹದದಲ್ಲಿ ಎರಡು ಸಲ ಬಳಿದು, ಸಣ್ಣ ಉಪ್ಪುಕಾಗದದಲ್ಲಿ ತಿಕ್ಕಿ.

ಚಿನ್ನದ ಬಣ್ಣ ನೇರ ಬಿಳಿ ಮೇಲೆ ಹಾಕಬೇಡಿ, ಹಸಿರು ಮಿಶ್ರಿತ ಹಳದಿಯಾಗಿ ಪೇಲವ ಕಾಣುತ್ತೆ. ಕೆಳಗೆ ಇಟ್ಟಿಗೆ ಕೆಂಪು ಅಥವಾ ಕಾವಿ ಬಣ್ಣ ಒಂದು ಪದರ. ಚಿನ್ನದ ಹಾಳೆ ಹಚ್ಚುವ ಕುಶಲಕರ್ಮಿಗಳು ಕೆಂಪು ಮಣ್ಣಿನ ತಳ ಹಾಕೋದು ಇದೇ ಕಾರಣಕ್ಕೆ. ಬೆಳ್ಳಿಗೆ ಬೂದು ಅಥವಾ ಕಪ್ಪು ತಳ.

ಕುತೂಹಲಿ:
ರಟ್ಟಿನ ಬದಲು ಥರ್ಮಾಕೋಲ್ ಕತ್ತರಿಸಿದರೆ ಈ ಎಲ್ಲ ಗೋಜು ಇಲ್ಲವಲ್ಲ? ಸ್ಪ್ರೇ ಪೇಂಟ್ ಹೊಡೆದರೆ ಮುಗೀತು.

ಅಂಟುಪುರಾಣ:
ಥರ್ಮಾಕೋಲೇ ಮುಗಿಯುತ್ತೆ. ಸ್ಪ್ರೇ ಪೇಂಟಿನ ದ್ರಾವಕ ಪಾಲಿಸ್ಟೈರೀನನ್ನ (ಥರ್ಮಾಕೋಲ್ ಆಗಿರೋದು ಈ ಪ್ಲಾಸ್ಟಿಕ್ಕಿನಿಂದ) ಕರಗಿಸಿ ಗುಳಿ ಬೀಳಿಸುತ್ತೆ. ಬಿಳಿ ಅಂಟು ಬಳಿದು ಮುಚ್ಚಿದರೂ ಸೂಜಿಮೊನೆಯಷ್ಟು ಬಿಟ್ಟ ಕಡೆಯಿಂದ ಒಳಗೆ ತಿನ್ನುತ್ತೆ. ನೀರಿನ ಅಕ್ರಿಲಿಕ್ ಮಾತ್ರ ಹಚ್ಚಬೇಕು. ಗ್ಲೂ ಗನ್ನಿನಲ್ಲೂ ಕಡಿಮೆ ಶಾಖದ್ದು, ಸುಮಾರು 120 ಡಿಗ್ರಿಯದ್ದು ಬೇಕು. 190ರ ಹತ್ತಿರ ಹೋಗೋದು ಅದರಲ್ಲಿ ಬಾವಿ ತೋಡುತ್ತೆ. ಇದೆಲ್ಲ ಮಾಡಿದ ಮೇಲೂ ಮುರಿದ ಅಂಚಲ್ಲಿ ಬಿಳಿ ಮಣಿ ಉದುರುತ್ತೆ, ಕಸದಲ್ಲೂ ಕರಗಲ್ಲ. ರಟ್ಟೇ ವಾಸಿ.

ದಾರದ ಗೋಳದ ಬಗ್ಗೆ ಚುಟುಕಾಗಿ: ಬಲೂನಿಗೆ ವ್ಯಾಸಲೀನ್ ಸವರಿ, ಎರಡು ಭಾಗ ಬಿಳಿ ಅಂಟು, ಒಂದು ಭಾಗ ನೀರಲ್ಲಿ ಅದ್ದಿದ ಹತ್ತಿ ದಾರ ಸುತ್ತಿ, ಸಂದಿ 2 ಸೆಂ.ಮೀ.ಗಿಂತ ಹೆಚ್ಚಿರಬಾರದು. ಇಡೀ ದಿನ ಒಣಗಬೇಕು, ನೆರಳಲ್ಲಿ. ಬಿಸಿಲಿಗಿಟ್ಟರೆ ಬಲೂನು ಉಬ್ಬುತ್ತೆ, ಸಂಜೆ ಕುಗ್ಗುತ್ತೆ, ಗೋಳ ತಗ್ಗುಬೀಳುತ್ತೆ. ತೆಗೆಯುವಾಗ ಟಪ್ ಅಂತ ಒಡೆಯಬೇಡಿ. ಮೊದಲು ಪೆನ್ಸಿಲ್ ಹಿಂಬದಿಯಿಂದ ಎಲ್ಲ ಸಂದಿಯಲ್ಲೂ ಒತ್ತಿ ಬಲೂನನ್ನ ದಾರದಿಂದ ಬಿಡಿಸಿ, ಆಮೇಲೆ ಗಂಟಿನ ಹತ್ತಿರ ಸಣ್ಣ ತೂತು ಮಾಡಿ ನಿಧಾನ ಗಾಳಿ ಬಿಡಿ. ಮಳೆಗಾಲದ ತೇವಕ್ಕೆ ಈ ಅಂಟು ಮೆತ್ತಗಾಗುತ್ತೆ, ಹಾಗಾಗಿ ಒಳಾಂಗಣಕ್ಕೆ ಮಾತ್ರ.

ವೈರ್‌ಕಟ್ಟರ್:
ಸೀರಿಯಲ್ ಸೆಟ್ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳಬೇಕು. ಮೇನ್ಸ್‌ಗೆ ಚುಚ್ಚೋ ಸರವನ್ನ ಮನೆಯಲ್ಲಿ ತಯಾರಿಸೋದು, ಉದ್ದ ಕಡಿಮೆ ಮಾಡೋಕೆ ಕತ್ತರಿಸೋದು ಎರಡೂ ಬೇಡ. ಅಗ್ಗದ ಸರದಲ್ಲಿ ಎಲ್‌ಇಡಿಗಳು ಸರಣಿಯಲ್ಲಿ ಇರ್ತವೆ, ವೋಲ್ಟೇಜ್ ಅಷ್ಟೂ ಬಲ್ಬುಗಳಿಗೆ ಹಂಚಿಹೋಗಿರುತ್ತೆ. ಹತ್ತು ತೆಗೆದರೆ ಉಳಿದವುಗಳ ಮೇಲೆ ಆ ಹೊರೆ ಬೀಳುತ್ತೆ. ಮೊದಲು ಜೋರಾಗಿ ಹೊಳೆದು, ಆಮೇಲೆ ಸುಡ್ತವೆ. ಇದನ್ನ ಕೊಂಡೇ ತನ್ನಿ.

5 ವೋಲ್ಟ್ ಯುಎಸ್‌ಬಿ ಅಥವಾ ಬ್ಯಾಟರಿಯ ಕೆಲಸ ಮನೆಯಲ್ಲಿ ಮಾಡಬಹುದು. ಪ್ರತಿ ಎಲ್‌ಇಡಿಗೆ ತನ್ನದೇ ರೆಸಿಸ್ಟರ್ (ಕರೆಂಟನ್ನ ಮಿತಿಯಲ್ಲಿಡೋ ಬಿಡಿಭಾಗ): ಸುಮಾರು 10 ಮಿಲಿಆಂಪ್ ಹರಿಸೋಕೆ ಬಿಳಿ ಎಲ್‌ಇಡಿಗೆ (ಸುಮಾರು 3 ವೋಲ್ಟ್) 220 ಓಮ್, ಕೆಂಪಿಗೆ (ಸುಮಾರು 2 ವೋಲ್ಟ್) 330 ಓಮ್. ರೆಸಿಸ್ಟರ್ ಇಲ್ಲದೆ ಕೆಂಪು-ಬಿಳಿ ಪಕ್ಕಪಕ್ಕ ಸಮಾಂತರವಾಗಿ ಜೋಡಿಸಿದರೆ ಕರೆಂಟೆಲ್ಲ ಕೆಂಪು ಎಳ್ಕೊಂಡು ಬಿಳಿ ಬೆಳಗೋದೇ ಇಲ್ಲ.

ಮೂರು ಎಎ ಸೆಲ್‌ನ ರೆಡಿ ತಾಮ್ರದ ಸರ 60 ಮಿಲಿಆಂಪ್ ಎಳೆದರೆ, 2000 ಮಿಲಿಆಂಪ್ ಅವರ್ ಸೆಲ್‌ಗೆ ಲೆಕ್ಕದಲ್ಲಿ 33 ಗಂಟೆ. ಬಟನ್ ಸೆಲ್ (ಸಿಆರ್2032) ಸುಮಾರು 220 ಮಿಲಿಆಂಪ್ ಅವರ್ ಮಾತ್ರ, ಒಂದು ಸಂಜೆಗೂ ನಂಬೋ ಹಾಗಿಲ್ಲ. ರೀಚಾರ್ಜ್ ಸೆಲ್ 1.2 ವೋಲ್ಟ್, ಮೂರು ಸೇರಿ 3.6 ಆಗೋದ್ರಿಂದ ಬಿಳಿ ಸರ ಸ್ವಲ್ಪ ಮಂಕಾಗುತ್ತೆ. ಸರ ಕೆಟ್ಟಿದೆ ಅಂದ್ಕೋಬೇಡಿ.

ಕುತೂಹಲಿ:
ಪವರ್ ಬ್ಯಾಂಕಿಗೆ ಹಾಕಿದರೆ ಸ್ವಲ್ಪ ಹೊತ್ತಿಗೇ ತಾನಾಗಿ ಆಫ್ ಆಗುತ್ತಲ್ಲ, ಅದು?

ವೈರ್‌ಕಟ್ಟರ್:
ಸರ ಎಳೆಯೋ ಕರೆಂಟ್ ತೀರಾ ಕಡಿಮೆ. ಫೋನ್ ಚಾರ್ಜ್ ಮುಗೀತು ಅಂತ ಪವರ್ ಬ್ಯಾಂಕ್ ತಿಳ್ಕೊಳ್ಳುತ್ತೆ. ಎರಡು ಮೂರು ಸರ ಒಟ್ಟಿಗೆ ಹಾಕಿ, ಅಥವಾ ಇಯರ್‌ಬಡ್‌ನಂಥ ಸಣ್ಣ ಸಾಧನಗಳಿಗೆ ಅಂತ ಕೆಲವು ಪವರ್ ಬ್ಯಾಂಕ್‌ನಲ್ಲಿ ಕಡಿಮೆ ಕರೆಂಟಿನ ಮೋಡ್ ಇರುತ್ತೆ, ಅದನ್ನ ಆನ್ ಮಾಡಿ. ಎರಡೂ ಆಗದಿದ್ದರೆ ಹಳೇ ಫೋನ್ ಚಾರ್ಜರ್‌ಗೆ ಚುಚ್ಚಿ.

ಬಿದಿರುಕಡ್ಡಿ:
ಎತ್ತಿಡೋದರ ಬಗ್ಗೆ ಒಂದು ಮಾತು. ಮೈದಾ ಅಂಟು ಬಳಸಿದ್ದೆಲ್ಲ ಜಿರಳೆ, ಬೆಳ್ಳಿಹುಳುವಿಗೆ ಊಟ. ಮುಚ್ಚಳ ಬಿಗಿಯೋ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರೋ ಸಿಲಿಕಾ ಜೆಲ್ ಪುಡಿಕೆ. ಡಬ್ಬಿಗೆ ಹಿಡಿಯದ 14 ಮುಖದ ಲ್ಯಾಂಟರ್ನ್‌ಗೆ ಮೊದಲೇ ಯೋಚನೆ ಮಾಡಿ: ತ್ರಿಕೋನಗಳನ್ನ ಕಡ್ಡಿಗೆ ಅಂಟಿಸದೆ, ತೆಳು ರಟ್ಟಿನ ಚೌಕಟ್ಟಿಗೆ ಕಾಗದ ಅಂಟಿಸಿ, ಮೂರು ಬದಿಗೂ 1.5 ಸೆಂ.ಮೀ. ಕಿವಿ ಬಿಟ್ಟು ದಾರದಲ್ಲಿ ಕಟ್ಟಿ. 12 ಮೂಲೆಗಂಟನ್ನ ಅಂಟು ಹಾಕದೆ ಬಿಚ್ಚೋ ಗಂಟಾಗಿ ಬಿಡಿ. ಸೀಸನ್ ಮುಗಿದ ಮೇಲೆ 6 ಚೌಕ, 8 ತ್ರಿಕೋನ ಬೇರೆಬೇರೆಯಾಗಿ ಹಾಸಿಗೆ ಕೆಳಗೆ ಚಪ್ಪಟೆಯಾಗಿ ಹೋಗ್ತವೆ. ಬಿಚ್ಚೋ ಮುಂಚೆ ಸೇರೋ ಮೂಲೆಗಳಿಗೆ ಒಂದೇ ಅಕ್ಷರ ಬರೆದಿಡಿ. ಕಡ್ಡಿಗಳಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸ ಇದ್ದೇ ಇರುತ್ತೆ, ಮೂಲೆ ಅದಲುಬದಲಾದರೆ ಮೊದಲು ಕೂತ ಹಾಗೆ ಕೂರಲ್ಲ.